ಬೇಸಿಗೆ ಕೊನೆಗೆ ನೀಲಿ ಹೂ ಬಿಡುವ ಗಿಡ ಯಾವುದಿದೆ? ಅಮ್ಮನಿಗಾಗಿ ಕೇಳುತ್ತಿದ್ದೇನೆ

ಹಿತ್ತಲಮನೆ (ತುಮಕೂರು), ಫೆಬ್ರವರಿ 4

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಅಮ್ಮನಿಗೆ 71. ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವರು. ನವೆಂಬರ್‌ನಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆವು, ಎಡಗಣ್ಣಿಗೆ ಜನವರಿಯಲ್ಲಿ ಆಯ್ತು. ಎರಡು ಆಪರೇಷನ್‌ಗಳ ನಡುವೆ ಒಂದು ದಿನ ಪೂಜೆಗೆ ಹೂ ಕೀಳಲು ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಶಂಖಪುಷ್ಪದ ಬಳ್ಳಿ ಮುಂದೆ ನಿಂತು ಒಂದು ಸಲ ಎಡಗಣ್ಣು ಮುಚ್ಚಿ, ಒಂದು ಸಲ ಬಲಗಣ್ಣು ಮುಚ್ಚಿ ಅದೇ ಹೂವನ್ನು ನೋಡುತ್ತಿದ್ದಾರೆ. "ಈ ಕಣ್ಣಲ್ಲಿ ನೋಡಿದ್ರೆ ಒಗೆದು ಒಗೆದು ಮಾಸಿದ ರವಿಕೆ ಥರ ಇದೆ. ಈ ಕಣ್ಣಲ್ಲಿ ಬ್ರಿಲ್ ಇಂಕು ಚೆಲ್ಲಿದ ಹಾಗಿದೆ. ಇಷ್ಟು ವರ್ಷ ಇದು ಹೀಗೇ ಇತ್ತಾ?" ಅಂದರು. ಡಾಕ್ಟರನ್ನು ಕೇಳಿದೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದಂತೆ, ಆ ಹಳದಿ ನೀಲಿ ಬೆಳಕನ್ನು ತಡೆಯುತ್ತದಂತೆ. ವರ್ಷಗಟ್ಟಲೆ ಮೆಲ್ಲಗೆ ಆಗುವುದರಿಂದ ಗೊತ್ತೇ ಆಗುವುದಿಲ್ಲ. ಹೊಸ ಲೆನ್ಸ್ ಹಾಕಿದಾಗ ನೀಲಿ ಒಂದೇ ಸಲ ವಾಪಸ್ ಬರುತ್ತದೆ.

ಅವತ್ತಿನಿಂದ ಅಮ್ಮ ಎಲ್ಲಿ ಹೋದರೂ ನೀಲಿ ಹುಡುಕುತ್ತಾರೆ. ಸೀರೆ ಅಂಚು, ಪಕ್ಕದ ಮನೆ ಗೇಟು, ಕೆರೆ ಏರಿ ಮೇಲೆ ಕೂತ ಮಿಂಚುಳ್ಳಿ. ನನಗೆ ಹಿತ್ತಲು ತುಂಬ ನೀಲಿ ಮಾಡಿಕೊಡಬೇಕು ಅಂತ ಆಸೆ.

ತೊಂದರೆ ಏನಂದರೆ ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ ಹಿತ್ತಲಲ್ಲಿ ಮಲ್ಲಿಗೆ, ಕಾಕಡ, ದಾಸವಾಳ, ಕಣಗಿಲೆ ಇಷ್ಟೇ. ಬಿಳಿ, ಕೆಂಪು, ಹಳದಿ. ಇರುವ ಒಂದು ಶಂಖಪುಷ್ಪವೂ ಏಪ್ರಿಲ್ ಹೊತ್ತಿಗೆ ಎಲೆ ಉದುರಿಸಿ ಕಡ್ಡಿ ಆಗುತ್ತದೆ. ಜನವರಿಯಲ್ಲಿ ನರ್ಸರಿಯಿಂದ ಲಾರ್ಕ್‌ಸ್ಪರ್, ಕಾರ್ನ್‌ಫ್ಲವರ್ ತಂದೆ, ಈಗಲೇ ಬುಡ ಹಳದಿ ಆಗುತ್ತಿವೆ. ಹೋದ ವರ್ಷ ಆನ್‌ಲೈನ್‌ನಲ್ಲಿ ನೀಲಿ ಗುಲಾಬಿ ಬೀಜ ಅಂತ ತರಿಸಿದ್ದೆ. ಐವತ್ತು ಬೀಜದಲ್ಲಿ ಎರಡು ಮೊಳೆತವು, ಎರಡೂ ಹುಲ್ಲು.

ಜಾಗ: ಮನೆ ಹಿಂದೆ ಎಂಟು ಅಡಿ ಅಗಲದ ಪಟ್ಟಿ, ಪಶ್ಚಿಮದ ಕಾಂಪೌಂಡ್ ಗೋಡೆಗೆ ಮಧ್ಯಾಹ್ನದಿಂದ ಸಂಜೆವರೆಗೂ ಕಡು ಬಿಸಿಲು. ನೀರು ಬೋರ್‌ವೆಲ್ಲಿನದು, ಬಕೆಟ್ ಅಂಚಿಗೆ ಬಿಳಿ ಕಟ್ಟುತ್ತದೆ. ಈಗ ಶುರು ಮಾಡಿದರೆ ಮೇ ತಿಂಗಳಿಗೆ ಏನಾದರೂ ಆಗುತ್ತಾ?

ತಾರಸಿತೋಟ (ಬೆಂಗಳೂರು), ಫೆಬ್ರವರಿ 4

ಖಂಡಿತ ಆಗುತ್ತೆ ಮೇಡಂ. ಅಮ್ಮ ಕಣ್ಣು ಮುಚ್ಚಿ ತೆಗೆದು ನೋಡಿದ್ದು ಓದಿ ನಮ್ಮ ಮನೆಯವರಿಗೂ ಓದಿ ಹೇಳಿದೆ.

ಮೊದಲು ನೀಲಿ ಗುಲಾಬಿ ವಿಷಯ ಮುಗಿಸಿಬಿಡೋಣ, ತುಂಬಾ ಜನ ಇದಕ್ಕೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಗುಲಾಬಿಗೆ ಡೆಲ್ಫಿನಿಡಿನ್ ಅನ್ನುವ ನೀಲಿ ಬಣ್ಣ ತಯಾರಿಸುವ ಶಕ್ತಿಯೇ ಇಲ್ಲ. ಜಪಾನಿನ ಸಂಟೋರಿ ಕಂಪನಿ ಪ್ಯಾನ್ಸಿ ಹೂವಿನ ಜೀನ್ ಸೇರಿಸಿ 2004ರಲ್ಲಿ ನೀಲಿ ಗುಲಾಬಿ ಅಂತ ಪ್ರಕಟಿಸಿತು, 2009ರಲ್ಲಿ ಅಲ್ಲಿ ಮಾರಾಟಕ್ಕೂ ಬಂತು. ಅದೂ ನೋಡಲು ತಿಳಿ ನೇರಳೆಯೇ. ಅಂಗಡಿಯಲ್ಲಿ ಕಾಣುವ ಕಡು ನೀಲಿ ಗುಲಾಬಿ ಅಂದರೆ ಬಿಳಿ ಹೂವಿಗೆ ಬಣ್ಣ ಕುಡಿಸಿದ್ದು. ಬೀಜದಿಂದ ಬರುವ ನೀಲಿ ಗುಲಾಬಿ ಅಂತ ಒಂದಿಲ್ಲ.

ಲಾರ್ಕ್‌ಸ್ಪರ್, ಕಾರ್ನ್‌ಫ್ಲವರ್ ಒಣಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅವು ಚಳಿ ಹೂಗಳು. ಅಕ್ಟೋಬರ್‌ನಲ್ಲಿ ಬೀಜ ಹಾಕಿದರೆ ಜನವರಿಗೆ ಹೂ, ಬಿಸಿಲು ಏರುತ್ತಿದ್ದ ಹಾಗೆ ಅವುಗಳ ಕೆಲಸ ಮುಗಿಯಿತು. ಬೇಸಿಗೆಗೆ ಬೇಸಿಗೆಯವೇ ಬೇಕು.

ನನ್ನ ಮಾತು ಕೇಳುವುದಾದರೆ ಇರುವ ಶಂಖಪುಷ್ಪವನ್ನೇ ಮೊದಲು ಸರಿ ಮಾಡಿ. ಹಳೇ ಬಳ್ಳಿಯನ್ನು ಈಗಲೇ ಒಂದೂವರೆ ಅಡಿಗೆ ಕತ್ತರಿಸಿ. ಜೊತೆಗೆ ಹೊಸ ಬೀಜ ಹಾಕಿ. ಬೀಜದ ಸಿಪ್ಪೆ ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ಕೆಲವು ವಾರಗಟ್ಟಲೆ ಮಲಗಿಬಿಡುತ್ತವೆ. ಪ್ರತಿ ಬೀಜವನ್ನೂ ಮರಳು ಕಾಗದದ ಮೇಲೆ ಒಂದು ಕಡೆ ಮಾತ್ರ ನಾಲ್ಕೈದು ಸಲ ಉಜ್ಜಿ, ಒಳಗಿನ ತಿಳಿ ಬಣ್ಣ ಚೂರು ಕಂಡರೆ ಸಾಕು, ಆಮೇಲೆ ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಹೊತ್ತಿಗೆ ಊದಿಕೊಂಡಿರುತ್ತವೆ. ಊದದೇ ಇದ್ದವನ್ನು ಮತ್ತೆ ಉಜ್ಜಿ. ನೇರ ಜಾಗದಲ್ಲೇ ನೆಡಿ, ಬೇರು ಅಲುಗಿಸಿದರೆ ಹಿಂದೆ ಬೀಳುತ್ತದೆ. ಈಗ ಹಾಕಿದರೆ ಏಪ್ರಿಲ್ ಕೊನೆಗೆ ಹೂ ನೋಡಬಹುದು.

ಏಪ್ರಿಲ್‌ನಲ್ಲಿ ಎಲೆ ಉದುರಿತು ಅಂದಿರಲ್ಲ, ಬರೀ ನೀರಿನ ಕೊರತೆ ಅಂತ ನನಗೆ ಅನಿಸುತ್ತಿಲ್ಲ. ಎಲೆ ತಿರುಗಿಸಿ ನೋಡಿ. ಸಣ್ಣ ಸಣ್ಣ ಬಿಳಿ ಚುಕ್ಕೆ, ತೆಳು ಬಲೆ ಇದ್ದರೆ ಕೆಂಪು ನುಸಿ. ಒಣ ಬಿಸಿಲಲ್ಲಿ ಅದು ಜಾಸ್ತಿ. ವಾರಕ್ಕೆ ಎರಡು ಸಲ ಬೆಳಿಗ್ಗೆ ಪೈಪಿನಿಂದ ಎಲೆ ಅಡಿಗೆ ಜೋರಾಗಿ ನೀರು ಹೊಡೆದರೆ ಬಹಳ ಮಟ್ಟಿಗೆ ಹೋಗುತ್ತದೆ. ಮೀರಿದರೆ ಬೇವಿನೆಣ್ಣೆ, ಸಂಜೆ ಹೊತ್ತು ಮಾತ್ರ.

ಇನ್ನೊಂದು ಮಾತು. ಕಾಯಿ ಕಟ್ಟಲು ಬಿಡಬೇಡಿ. ಅವರೆಕಾಯಿ ಜಾತಿಯ ಗಿಡ ಅದು, ನಾಲ್ಕು ಕಾಯಿ ಬಲಿತರೆ ಹೂ ಬಿಡುವುದು ಕಡಿಮೆ ಮಾಡುತ್ತದೆ. ಬೀಜಕ್ಕೆ ಒಂದು ಬಳ್ಳಿ ಬಿಟ್ಟು ಉಳಿದವುಗಳ ಕಾಯಿ ಎಳಸಾಗಿರುವಾಗಲೇ ಚಿವುಟಿ. ಯೂರಿಯಾ ಬೇಡವೇ ಬೇಡ, ತನಗೆ ಬೇಕಾದ ಸಾರಜನಕ ಬೇರಿನ ಗಂಟಿನಲ್ಲಿ ಅದೇ ಮಾಡಿಕೊಳ್ಳುತ್ತದೆ. ಜಾಸ್ತಿ ಹಾಕಿದರೆ ಬರೀ ಎಲೆ.

ಕಪ್ಪುಮಣ್ಣು (ಚಿತ್ರದುರ್ಗ ಜಿಲ್ಲೆ), ಫೆಬ್ರವರಿ 5

ಅಕ್ಕಾ, ಆ ಪಶ್ಚಿಮದ ಗೋಡೆಗೆ ಕಣ್ಣು ಮುಚ್ಚಿಕೊಂಡು ನೀಲಿ ಪ್ಲಂಬಾಗೊ ಹಾಕಿ. ನಮ್ಮೂರಿನ ಬಿಸಿಲು ನಿಮ್ಮದಕ್ಕಿಂತ ಜಾಸ್ತಿ. ಕಾಂಪೌಂಡ್ ಉದ್ದಕ್ಕೂ ಏಳು ಗಿಡ ಹಾಕಿ ಆರು ವರ್ಷ ಆಯ್ತು, ಒಂದೂ ಸತ್ತಿಲ್ಲ. ಮೂಲ ದಕ್ಷಿಣ ಆಫ್ರಿಕಾದ್ದು. ನಮ್ಮ ಹಳ್ಳಿ ಮದ್ದಿನ ಚಿತ್ರಮೂಲ ಇದೆಯಲ್ಲ, ಅದರ ದಾಯಾದಿ. ಹೂ ತಿಳಿ ನೀಲಿ, ಮಳೆ ಬಂದು ತೊಳೆದ ಮೇಲೆ ಆಕಾಶ ಇರುತ್ತಲ್ಲ ಆ ಬಣ್ಣ.

ಇದರ ಗುಟ್ಟು ಕತ್ತರಿ. ಹೊಸ ಚಿಗುರಿನ ತುದಿಯಲ್ಲೇ ಹೂ ಬರುವುದು. ಹಾಗಾಗಿ ಫೆಬ್ರವರಿಯಲ್ಲಿ ಧೈರ್ಯವಾಗಿ ಅರ್ಧಕ್ಕರ್ಧ ಕತ್ತರಿಸಬೇಕು. ನೀವು ಈಗ ನರ್ಸರಿಯಿಂದ ತಂದು ನೆಡುತ್ತೀರಿ ಅಂದರೆ ಇರುವ ಹೂವಿನ ಗೊಂಚಲನ್ನೂ ಕತ್ತರಿಸಿಬಿಡಿ, ಬೇರು ಊರಲಿ. ಹೂ ನೋಡಿಕೊಂಡು ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಕತ್ತರಿಸಿ. ಗಿಡದ ರಸ ಕೈಗೆ ತಾಗಿ ಕೆಲವರಿಗೆ ಕಡಿತ ಬರುತ್ತದೆ, ಗ್ಲೌಸ್ ಇರಲಿ, ಅಮ್ಮನ ಕೈಗೆ ಕತ್ತರಿ ಕೊಡಬೇಡಿ, ಅದೇ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಕಷ್ಟ.

ಹೂವಿನ ಕೆಳಗಿನ ಹಸಿರು ಬಟ್ಟಲಿನ ತುಂಬ ಅಂಟಿನ ಕೂದಲು. ಪಕ್ಕದಲ್ಲಿ ಹಾದು ಹೋದರೆ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ನಮ್ಮ ಮಕ್ಕಳು ಕಿವಿ ಹಾಲೆಗೆ ಅಂಟಿಸಿಕೊಂಡು ಓಲೆ ಅಂತ ಆಡುತ್ತಾರೆ.

ಗಿಡ ದೊಡ್ಡದಾದ ಮೇಲೆ ನೋಡಿ, ಉಗುರಿನಷ್ಟು ದೊಡ್ಡ ಚಿಟ್ಟೆಗಳು ಬರುತ್ತವೆ. ರೆಕ್ಕೆ ಮೇಲುಗಡೆ ನೀಲಿ, ಮಡಚಿ ಕೂತಾಗ ಕೆಳಗೆ ಬಿಳಿ ಕಂದು ಪಟ್ಟೆ, ಜೀಬ್ರಾ ಥರ. ಜೀಬ್ರಾ ಬ್ಲೂ ಅಂತಲೇ ಅದರ ಹೆಸರು. ಈ ಗಿಡದ ಮೊಗ್ಗಿಗೇ ಮೊಟ್ಟೆ ಇಡುತ್ತದೆ. ಮೊಗ್ಗಿನಲ್ಲಿ ತೂತು ಕಂಡರೆ ಔಷಧಿ ಹೊಡೆಯಲು ಹೋಗಬೇಡಿ. ನಾಲ್ಕು ಮೊಗ್ಗು ಹೋದರೆ ಹೋಗಲಿ. ಅಮ್ಮನಿಗೆ ಹಾರುವ ನೀಲಿಯೂ ಸಿಗುತ್ತೆ.

ನೀರು: ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಅಥವಾ ತೆಂಗಿನ ಸಿಪ್ಪೆ ಹೊದಿಸಿ, ಸಿಪ್ಪೆಯ ನಾರಿನ ಭಾಗ ಕೆಳಕ್ಕೆ ಇರಲಿ. ಮೊದಲ ಬೇಸಿಗೆ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಸಾಕು. ಬೋರ್ ನೀರಿಗೆ ಇದು ತಕರಾರು ಮಾಡುವುದಿಲ್ಲ.

ಹಿತ್ತಲಮನೆ, ಫೆಬ್ರವರಿ 5

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲೆ ತಿರುಗಿಸಿ ನೋಡಿದೆ ಸರ್, ನೀವು ಹೇಳಿದ ಬಿಳಿ ಚುಕ್ಕೆ ಇದೆ. ಇಷ್ಟು ದಿನ ನೀರು ಸಾಲಲಿಲ್ಲ ಅಂತ ಬರೀ ಬುಡಕ್ಕೆ ಸುರಿಯುತ್ತಿದ್ದೆ.

ಇನ್ನೊಂದು ಕೇಳಬೇಕಿತ್ತು. ಸಕಲೇಶಪುರದ ನೆಂಟರ ಮನೆಯಲ್ಲಿ ಹೈಡ್ರಾಂಜಿಯಾ ನೋಡಿದ್ದೇವೆ, ಚೆಂಡಿನಷ್ಟು ದೊಡ್ಡ ನೀಲಿ ಹೂ. ಅಮ್ಮನಿಗೆ ಅದರ ಮೇಲೆ ಆಸೆ. ಇಲ್ಲಿ ಬರುತ್ತಾ?

ಕಾಫಿಸೀಮೆ (ಸಕಲೇಶಪುರದ ಹತ್ತಿರ), ಫೆಬ್ರವರಿ 6

ನಮ್ಮೂರಿನ ಹೆಸರು ಬಂದಮೇಲೆ ನಾನು ಹೇಳಲೇಬೇಕು.

ಹೈಡ್ರಾಂಜಿಯಾ ಹೂವಿನ ನೀಲಿಗೆ ಅರ್ಧ ಕಾರಣ ಗಿಡ, ಇನ್ನರ್ಧ ಮಣ್ಣು. ಹುಳಿ ಮಣ್ಣಲ್ಲಿ, ಅಂದರೆ ಪಿಎಚ್ 5.5ಕ್ಕಿಂತ ಕೆಳಗೆ ಇದ್ದರೆ, ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗುತ್ತದೆ, ಗಿಡ ಅದನ್ನು ಎಳೆದುಕೊಂಡಾಗ ಹೂ ನೀಲಿ ಆಗುತ್ತದೆ. ಸುಣ್ಣದ ಅಂಶ ಜಾಸ್ತಿ ಇದ್ದರೆ ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಬಿಳಿ ಜಾತಿ ಮಾತ್ರ ಏನು ಮಾಡಿದರೂ ಬಿಳಿಯೇ. ನಮ್ಮಲ್ಲಿ ಮಳೆ ಜಾಸ್ತಿ, ಸುಣ್ಣವೆಲ್ಲ ತೊಳೆದುಹೋಗಿ ಮಣ್ಣು ಹುಳಿ ಆಗಿರುತ್ತದೆ. ಕಾಫಿ ಗಿಡಕ್ಕೆ ಅಷ್ಟು ಹುಳಿ ಒಳ್ಳೆಯದಲ್ಲ ಅಂತ ತೋಟಕ್ಕೆ ನಾವೇ ಸುಣ್ಣ ಹಾಕುತ್ತೇವೆ.

ಮೂರು ವರ್ಷದ ಹಿಂದೆ ನಮ್ಮ ಅಂಗಳಕ್ಕೆ ಹೊಸದಾಗಿ ಸಿಮೆಂಟ್ ಕಟ್ಟೆ ಕಟ್ಟಿಸಿದೆವು. ಕಟ್ಟೆ ಪಕ್ಕದಲ್ಲಿ ನಮ್ಮ ಅತ್ತೆ ನೆಟ್ಟ ಹಳೇ ಹೈಡ್ರಾಂಜಿಯಾ ಇತ್ತು. ಮುಂದಿನ ಮಳೆಗಾಲದಲ್ಲಿ ಕಟ್ಟೆ ಕಡೆಯ ಕೊಂಬೆಗಳಲ್ಲಿ ಗುಲಾಬಿ ಹೂ, ಇನ್ನೊಂದು ಕಡೆ ನೀಲಿ, ನಡುವಿನ ಒಂದು ಗೊಂಚಲಿನಲ್ಲಿ ಎರಡೂ ಸೇರಿ ನೇರಳೆ. ಸಿಮೆಂಟಿನ ಸುಣ್ಣ ಒಂದು ಕಡೆಯ ಬೇರಿಗೆ ಇಳಿದಿತ್ತು. ಅತ್ತೆ ಆ ಗಿಡವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ನಿಮ್ಮ ತುಮಕೂರಿನ ಬೋರ್ ನೀರು, ಬಕೆಟ್ಟಿಗೆ ಬಿಳಿ ಕಟ್ಟುವ ನೀರು, ನೀಲಿಗೆ ವೈರಿ. ನೆಲದಲ್ಲಿ ಹಾಕಬೇಡಿ, ಉಳಿಯುವುದಿಲ್ಲ. ಆಸೆ ಇದ್ದರೆ ಒಂದೇ ಒಂದು ದೊಡ್ಡ ಪಾಟ್, ಮನೆಯ ಪೂರ್ವ ದಿಕ್ಕಿನಲ್ಲಿ, ಬೆಳಿಗ್ಗೆ ಎಂಟೂವರೆವರೆಗಿನ ಬಿಸಿಲು ಸಾಕು. ತೋಟದ ಮೇಲ್ಮಣ್ಣು, ಎಲೆಗೊಬ್ಬರ ಸೇರಿಸಿ ತುಂಬಿ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನೇ ಹಾಕಿ. ಪಟಿಕ ಅಂತ ಅಂಗಡಿಯಲ್ಲಿ ಸಿಗುತ್ತಲ್ಲ, ಅದರಲ್ಲಿ ಅಲ್ಯೂಮಿನಿಯಂ ಇದೆ, ಪುಡಿ ಮಾಡಿ ಲೀಟರಿಗೆ ಅರ್ಧ ಚಿಕ್ಕ ಚಮಚ ಕರಗಿಸಿ ಹದಿನೈದು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ ಮಾತ್ರ. ಮೂಳೆ ಗೊಬ್ಬರ ಹಾಕಬೇಡಿ, ಅದರ ರಂಜಕ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ಇಷ್ಟೆಲ್ಲ ಮಾಡಿದರೂ ನಿಮ್ಮ ಮೇ ಬಿಸಿಲಿಗೆ ಮಧ್ಯಾಹ್ನ ತಲೆ ಬಾಗಿಸುತ್ತದೆ. ನಿಜ ಹೇಳಬೇಕಂದ್ರೆ, ಅಮ್ಮನನ್ನು ಜೂನ್‌ನಲ್ಲಿ ಇಲ್ಲಿಗೇ ಕರೆದುಕೊಂಡು ಬನ್ನಿ. ಮೊದಲ ಮಳೆಗಳು ಆದಮೇಲೆ ಪ್ರತಿ ಮನೆ ಮುಂದೆಯೂ ನೀಲಿ.

ಅದಕ್ಕೂ ಮೊದಲು, ಮಾರ್ಚ್ ಏಪ್ರಿಲ್‌ನಲ್ಲಿ ಬಂದರೆ ಕಾಡಂಚಿನಲ್ಲಿ ಅಂಜನದ ಗಿಡ ಹೂ ಬಿಟ್ಟಿರುತ್ತದೆ. ಕೊಂಬೆಗೇ ಅಂಟಿಸಿದ ಹಾಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮೊಗ್ಗುಗಳು, ಬಿರಿದರೆ ಇಡೀ ಕೊಂಬೆ ನೀಲಿ. ಅದಕ್ಕಿಂತ ಗಾಢ ನೀಲಿ ನಮ್ಮ ಕಾಡಲ್ಲಿ ನಾನು ನೋಡಿಲ್ಲ.

ಎಲೆಅಡಿಕೆ (ಮೈಸೂರು), ಫೆಬ್ರವರಿ 6

ಥನ್‌ಬರ್ಜಿಯಾ ಬಳ್ಳಿ ಯಾರೂ ಹೇಳಲೇ ಇಲ್ಲ? ಅಂಗೈಯಷ್ಟು ಹೂ, ಗೊಂಚಲು ಗೊಂಚಲಾಗಿ ಜೋತು ಬೀಳುತ್ತೆ, ಕರಿ ದುಂಬಿಗಳು ಬೆಳಗಿನಿಂದ ಗುಂಯ್ ಅಂತಿರುತ್ತವೆ. ಬೇಸಿಗೆಗೂ ಜಗ್ಗುವುದಿಲ್ಲ. ಜಕರಂಡ, ಪೆಟ್ರಿಯಾ ಕೂಡ ಚೆನ್ನಾಗಿರುತ್ತೆ. ನೀಲಕುರಿಂಜಿ ಗಿಡ ಸಿಕ್ಕಿದರೆ ಅದೂ ಹಾಕಬಹುದು.

ತಾರಸಿತೋಟ, ಫೆಬ್ರವರಿ 6

ಥನ್‌ಬರ್ಜಿಯಾ ಹೂ ಚೆಂದ, ಒಪ್ಪುತ್ತೇನೆ. ಆದರೆ ಎಂಟು ಅಡಿ ಪಟ್ಟಿಗೆ ಬೇಡ. ಬೇರು ಗೆಡ್ಡೆ ಕಟ್ಟುತ್ತದೆ, ಬಳ್ಳಿ ಪಕ್ಕದ ಮನೆ ತಾರಸಿಗೂ ಹೋಗುತ್ತದೆ, ಒಂದು ಸಲ ಊರಿದರೆ ತೆಗೆಯುವುದು ವರ್ಷಗಳ ಕೆಲಸ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದು ಕಾಡನ್ನೇ ಮುಚ್ಚುವ ಕಳೆ. ತೋಟದ ಮನೆ, ಗಟ್ಟಿ ಕಬ್ಬಿಣದ ಚಪ್ಪರ ಇದ್ದವರು ಹಾಕಿ.

ಜಕರಂಡ, ಪೆಟ್ರಿಯಾ ಎರಡೂ ನೇರಳೆ. ಬೇರೆಯವರಿಗಾದರೆ ನಡೆಯುತ್ತದೆ. ಈ ಅಮ್ಮನ ಹೊಸ ಕಣ್ಣಿಗೆ ನೇರಳೆ ತೋರಿಸಿ ನೀಲಿ ಅನ್ನಬೇಡಿ, ತಕ್ಷಣ ಗೊತ್ತಾಗುತ್ತದೆ.

ಕುರಿಂಜಿ ವಿಷಯದಲ್ಲಿ ದಯವಿಟ್ಟು ಬೆಟ್ಟದಿಂದ ಗಿಡ ಕೀಳುವ ಯೋಚನೆ ಯಾರೂ ಮಾಡಬೇಡಿ. ಹನ್ನೆರಡು ವರ್ಷ ಬೆಳೆದು ಒಮ್ಮೆ ಹೂ ಬಿಟ್ಟು ಬೀಜ ಚೆಲ್ಲಿ ಸಾಯುವ ಗಿಡ ಅದು. ಮುನ್ನಾರ್‌ನಲ್ಲಿ 2018ರಲ್ಲಿ ಅರಳಿತು, ಮುಂದಿನದು 2030. ನಮ್ಮ ಚಿಕ್ಕಮಗಳೂರಿನ ಗಿರಿಗಳಲ್ಲಿ 2022ರಲ್ಲಿ ಆಯ್ತು. ಬಯಲಿನ ಹಿತ್ತಲಲ್ಲಿ ಅದು ಬದುಕುವುದೂ ಇಲ್ಲ.

ಮೇಡಂ, ಇನ್ನೊಂದು ಸೇರಿಸಿಕೊಳ್ಳಿ. ನರ್ಸರಿಯಲ್ಲಿ ಎವಾಲ್ವುಲಸ್ ಅಂತ ಕೇಳಿ. ನಮ್ಮ ಬಯಲಲ್ಲಿ ಒಣ ನೆಲದ ಮೇಲೆ ಹರಡುವ ವಿಷ್ಣುಕ್ರಾಂತಿಯ ಬಳಗ, ಹೂ ಅದಕ್ಕಿಂತ ದೊಡ್ಡದು. ಬೂದಿ ಮಿಶ್ರಿತ ಹಸಿರು ಎಲೆ, ನಾಣ್ಯದಷ್ಟು ಹೂ, ಅಪ್ಪಟ ನೀಲಿ. ಬೆಳಿಗ್ಗೆ ಬಿಸಿಲು ಬಿದ್ದಾಗ ಬಿರಿದು ಮಧ್ಯಾಹ್ನದ ಮೇಲೆ ಮುದುಡುತ್ತದೆ, ಮೋಡ ಇದ್ದ ದಿನ ಸರಿಯಾಗಿ ಬಿಚ್ಚುವುದಿಲ್ಲ. ಅಮ್ಮ ಹೂ ಕೀಳುವ ಹೊತ್ತಿಗೆ ಸರಿಯಾಗುತ್ತದೆ. ನೀರು ನಿಂತರೆ ಮಾತ್ರ ಕೊಳೆಯುತ್ತದೆ, ಪಾಟಿನ ತೂತು ನೋಡಿಕೊಳ್ಳಿ.

ದೂರದೂರು (ಇಂಗ್ಲೆಂಡ್), ಫೆಬ್ರವರಿ 8

ನಮ್ಮ ಬೇಸಿಗೆ ಕೊನೆ ಅಂದರೆ ಆಗಸ್ಟ್, ಸೆಪ್ಟೆಂಬರ್. ಇಲ್ಲಿ ಆ ಹೊತ್ತಿಗೆ ನೀಲಿಗೆ ಕೊರತೆ ಇಲ್ಲ. ರೊಝಾನ್ ಅನ್ನುವ ಜೆರೇನಿಯಂ ಜೂನ್‌ನಿಂದ ಹಿಡಿದು ಮಂಜು ಬೀಳುವವರೆಗೂ ಬಿಡುತ್ತದೆ. 2013ರಲ್ಲಿ ಚೆಲ್ಸಿ ಹೂವಿನ ಪ್ರದರ್ಶನಕ್ಕೆ ನೂರು ವರ್ಷ ತುಂಬಿದಾಗ ಶತಮಾನದ ಗಿಡ ಅಂತ ಅದನ್ನೇ ಆರಿಸಿದರು. ಸೆರಟೋಸ್ಟಿಗ್ಮಾ ಅಂತ ಒಂದು ಪೊದೆ ಇದೆ, ನಿಮ್ಮ ಪ್ಲಂಬಾಗೊ ಕುಟುಂಬದ್ದೇ, ಎಲೆ ಕೆಂಪಾಗುತ್ತಿರುವಾಗ ಕಡು ನೀಲಿ ಹೂ. ಪ್ಲಂಬಾಗೊವನ್ನು ಇಲ್ಲಿ ಪಾಟಿನಲ್ಲಿ ಬೆಳೆದು ಚಳಿಗಾಲಕ್ಕೆ ಮಗುವಿನ ಹಾಗೆ ಎತ್ತಿ ಒಳಗಿಡಬೇಕು. ನೀವು ಅದನ್ನು ಬೇಲಿಗೆ ಹಾಕುತ್ತೀರಿ ಅಂತ ಓದಿ ಊರು ನೆನಪಾಯ್ತು.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು: ಇಲ್ಲಿನ ತೋಟಗಳಲ್ಲಿ ಬೇಸಿಗೆ ಕೊನೆಗೆ ಅರಳುವ ಮಂಕ್ಸ್‌ಹುಡ್ ನಮ್ಮ ವತ್ಸನಾಭಿಯ ಬಳಗ. ಬೇರಿನಿಂದ ಹೂವಿನವರೆಗೆ ಎಲ್ಲ ವಿಷ. ಊರಿಂದ ಬಂದ ಅಪ್ಪ ಅಮ್ಮ ನೀಲಿ ಹೂ ಅಂತ ದೇವರಿಗೆ ಕೀಳಲು ಹೋಗಬಹುದು, ಮೊದಲೇ ಹೇಳಿಡಿ.

ಹಿತ್ತಲಮನೆ, ಮೇ 17

ಎಲ್ಲರಿಗೂ ನಮಸ್ಕಾರ. ಏನಾಯಿತು ಅಂತ ಹೇಳಬೇಕಲ್ವಾ.

ಮರಳು ಕಾಗದದಲ್ಲಿ ಉಜ್ಜಿದ ಹದಿನಾರು ಬೀಜದಲ್ಲಿ ಹದಿಮೂರು ಮೊಳೆತವು. ಅಮ್ಮನೇ ಕೂತು ಉಜ್ಜಿದರು, ಕನ್ನಡಕ ಇಲ್ಲದೆ. ಮೊದಲ ಹೂ ಏಪ್ರಿಲ್ 23ಕ್ಕೆ. ಹಳೇ ಬಳ್ಳಿಯೂ ಚಿಗುರಿ ಅದಕ್ಕಿಂತ ಮೊದಲೇ ಬಿಟ್ಟಿತ್ತು. ನುಸಿ ಮತ್ತೆ ಬಂತು, ನೀರು ಹೊಡೆದೇ ಹತೋಟಿಗೆ ತಂದೆ, ಬೇವಿನೆಣ್ಣೆ ಒಂದೇ ಸಲ ಬೇಕಾಯಿತು.

ಗೋಡೆಗೆ ಐದು ಪ್ಲಂಬಾಗೊ ಹಾಕಿದೆ. ಒಂದು ಹೋಯ್ತು, ಹೊದಿಕೆ ಕಡಿಮೆ ಬಿದ್ದಿದ್ದು ಅದಕ್ಕೇ. ನಾಲ್ಕು ಇವೆ. ಇನ್ನೂ ಮೊಣಕಾಲೆತ್ತರ, ಆದರೂ ತುದಿಯಲ್ಲೆಲ್ಲ ಹೂ. ಮೊನ್ನೆ ಅಮ್ಮ ಹಿತ್ತಲಿಂದ ಬಂದು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು, ಸೆರಗಿನ ಹಿಂದೆ ಸಾಲಾಗಿ ಏಳು ನೀಲಿ ಹೂ ಅಂಟಿಕೊಂಡಿದ್ದವು. ನಾನು ಹೇಳಲಿಲ್ಲ. ಮಧ್ಯಾಹ್ನ ಮಲಗಲು ಹೋದಾಗ ಅವರೇ ನೋಡಿಕೊಂಡು ಒಂದೊಂದಾಗಿ ಬಿಡಿಸಿ ಕಿಟಕಿ ಮೇಲೆ ಇಟ್ಟರು. ಜೀಬ್ರಾ ಚಿಟ್ಟೆ ಇನ್ನೂ ಬಂದಿಲ್ಲ, ದಿನಾ ನೋಡುತ್ತಿದ್ದೇವೆ.

ಎವಾಲ್ವುಲಸ್ ಬಗ್ಗೆ ತಾರಸಿತೋಟ ಸರ್ ಹೇಳಿದ್ದು ಅಕ್ಷರಶಃ ನಿಜ. ಬೆಳಿಗ್ಗೆ ಏಳೂವರೆಗೆ ನೋಡಿದರೆ ಅರ್ಧ ಬಿಚ್ಚಿರುತ್ತದೆ, ಎಂಟೂವರೆಗೆ ಪೂರ್ತಿ. ಅಮ್ಮ ಈಗ ಪೂಜೆಯನ್ನೇ ಅರ್ಧ ಗಂಟೆ ಮುಂದಕ್ಕೆ ಹಾಕಿದ್ದಾರೆ.

ಹೈಡ್ರಾಂಜಿಯಾ ಒಂದು ಪಾಟ್ ತಂದಿದ್ದೆ. ಪಟಿಕ ಹಾಕಿದೆ, ಸಂಪಿನಲ್ಲಿದ್ದ ಮಳೆ ನೀರು ಮಾರ್ಚ್‌ಗೇ ಮುಗಿಯಿತು, ಆಮೇಲೆ ಬೋರ್ ನೀರೇ. ಒಂದು ಗೊಂಚಲು ಬಂತು, ಗುಲಾಬಿ ಬಣ್ಣ. ಕಾಫಿಸೀಮೆ ಮೇಡಂ, ಜೂನ್ ಎರಡನೇ ವಾರ ಅಮ್ಮನ ಜೊತೆ ನಿಮ್ಮ ಕಡೆ ಬರುತ್ತಿದ್ದೇವೆ. ಆ ಎರಡು ಬಣ್ಣದ ಗಿಡ ಇನ್ನೂ ಹಾಗೇ ಇದೆಯಾ? ಅಮ್ಮ ದಿನಾ ಕೇಳುತ್ತಿದ್ದಾರೆ.

ಬೀಜಕ್ಕೆ ಅಂತ ಹಳೇ ಬಳ್ಳಿಯಲ್ಲಿ ಕಾಯಿ ಬಿಟ್ಟಿದ್ದೇನೆ, ಇನ್ನು ಹತ್ತು ದಿನಕ್ಕೆ ಒಣಗುತ್ತವೆ. ಶಂಖಪುಷ್ಪದ ಬೀಜ ಬೇಕಾದವರು ಹೇಳಿ, ಕವರಿನಲ್ಲಿ ಹಾಕಿ ಕಳಿಸುತ್ತೇನೆ. ಮರಳು ಕಾಗದದ ಒಂದು ತುಂಡೂ ಜೊತೆಗೆ ಇಡುತ್ತೇನೆ.